ಬರಗಾಲಕ್ಕೆ ಯಾರನ್ನು ನಂಬುವುದು? – ಹಗೇವಿನಿಂದ ಸಂಘದವರೆಗೆ

ನಮ್ಮ ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಯಲ್ಲಿ ಸಂಘದ ಜಮಾ-ಖರ್ಚು, ಹಿಂದಿನ ಅಧ್ಯಕ್ಷರುಗಳ ಪಟ್ಟಿ, ಕಟ್ಟಡ ಎದ್ದ ಕಥೆ ಇವೆಲ್ಲ ಬೇರೆ ಪುಟಗಳಲ್ಲಿ ಬಂದಿವೆ. ನಾವು ಇಲ್ಲಿ ಹೇಳಹೊರಟಿರುವುದು ಸಂಘ ಅನ್ನುವ ವಸ್ತುವೇ ಹುಟ್ಟುವುದಕ್ಕೆ ಮುಂಚಿನ ಮಾತು. ಮಳೆ ಕೈಕೊಟ್ಟು, ಪೇಟೆ ಮುಚ್ಚಿ, ಸರ್ಕಾರವೂ ಕೈಗೆ ಸಿಗದಂತಹ ಕಾಲ ಬಂದರೆ ಯಾರನ್ನು ನಂಬಿ ಬದುಕುವುದು ಎಂಬ ಪ್ರಶ್ನೆ ನಮ್ಮ ಅಜ್ಜ ಮುತ್ತಜ್ಜಂದಿರಿಗೆ ಬರೀ ಜಗಲಿ ಮಾತಾಗಿರಲಿಲ್ಲ. ಅದಕ್ಕೆ ಅವರು ಕಂಡುಕೊಂಡ ಉತ್ತರಗಳಲ್ಲಿ ಒಂದರ ಹೆಸರೇ ಸಹಕಾರ ಸಂಘ.

ಮೊದಲು ಹಗೇವಿನ ವಿಚಾರ. ಈಗಿನ ಹುಡುಗರಲ್ಲಿ ಹಗೇವು ನೋಡಿದವರು ಕಡಿಮೆ. ನೀರು ಜಿನುಗದ ಗಟ್ಟಿ ನೆಲದಲ್ಲಿ ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು ಮಾಡಿ ತೋಡಿದ ಗುಂಡಿ. ಒಳಗೆ ಸುತ್ತ ಹುಲ್ಲು ಹಾಕಿ, ರಾಗಿ ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಅಕ್ಕಿಗೆ, ಜೋಳಕ್ಕೆ ಹುಳ ಬೀಳುವ ಹಾಗೆ ರಾಗಿಗೆ ಬೀಳುವುದಿಲ್ಲವಲ್ಲ, ಅದೂ ಒಂದು ಅನುಕೂಲ. ಒಳ್ಳೆಯ ಮಳೆಯ ವರ್ಷ ತುಂಬಿಸಿಟ್ಟ ಹಗೇವು ಕೆಟ್ಟ ವರ್ಷದ ಜೀವ ಉಳಿಸುತ್ತಿತ್ತು.

ಆದರೆ ಹಗೇವಿನದು ಒಂದು ವಿಚಿತ್ರ. ಅದನ್ನು ಗುಟ್ಟಾಗಿ ಇಡಲಾಗುವುದಿಲ್ಲ, ಒಬ್ಬನೇ ತೆಗೆಯಲೂ ಆಗುವುದಿಲ್ಲ. ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ. ಬಾಯಿ ತೆರೆದು ಹೊತ್ತು ಬಿಟ್ಟು, ದೀಪ ಇಳಿಸಿ, ದೀಪ ಆರದೆ ಇದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಅವಸರಪಟ್ಟು ಇಳಿದು ಉಸಿರುಕಟ್ಟಿ ಸತ್ತವರುಂಟು. ಇಳಿದವನ ಸೊಂಟಕ್ಕೆ ಹಗ್ಗ, ಮೇಲೆ ಹಗ್ಗ ಹಿಡಿಯಲು ಆಳು, ಕುಕ್ಕೆ ಎಳೆಯಲು ಇನ್ನೊಬ್ಬರು. ಹಾಗಾಗಿ ಯಾರ ಹಗೇವು ಎಲ್ಲಿದೆ, ಎಷ್ಟು ಖಂಡುಗ ಇದೆ ಅನ್ನುವುದು ಅಕ್ಕಪಕ್ಕದ ನಾಲ್ಕು ಮನೆಗಾದರೂ ತಿಳಿದೇ ತಿಳಿಯುತ್ತಿತ್ತು. ನನ್ನ ಮಟ್ಟಿಗೆ ನಾನು ಕೂಡಿಟ್ಟುಕೊಳ್ಳುತ್ತೇನೆ ಅಂತ ಹೊರಟವನೂ ಕಡೆಗೆ ಹಗ್ಗ ಹಿಡಿಯುವ ಒಬ್ಬನನ್ನು ನಂಬಲೇಬೇಕಾಗಿತ್ತು.

ಈ ಏರ್ಪಾಡು ಒಂದು ವರ್ಷದ ಬರಕ್ಕೆ ಸಾಕು. ಮೇಲಿಂದ ಮೇಲೆ ಬಂದರೆ? ಬಂತು. 1875ರಲ್ಲಿ ಮಳೆ ಕಡಿಮೆಯಾಯಿತು, 1876ರಲ್ಲಿ ಹೋಯಿತು, 1877ರಲ್ಲೂ ಬೇಕಾದಾಗ ಬರಲಿಲ್ಲ. ಧಾತು ಸಂವತ್ಸರ ಮತ್ತು ಈಶ್ವರ ಸಂವತ್ಸರ ಎರಡನ್ನೂ ನುಂಗಿದ ಈ ಬರವನ್ನು ನಮ್ಮ ಕಡೆ ಧಾತು-ಈಶ್ವರ ಬರ ಎಂದೇ ಕರೆಯುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50.5 ಲಕ್ಷ, 1881ರಲ್ಲಿ 41.8 ಲಕ್ಷ. ಹತ್ತು ವರ್ಷದಲ್ಲಿ ಏರಬೇಕಾಗಿದ್ದ ಜನ ಎಂಟೂವರೆ ಲಕ್ಷಕ್ಕೂ ಮೇಲ್ಪಟ್ಟು ಇಳಿದುಹೋದರು. ಇದನ್ನು ಓದುವವರು ಒಂದು ಕ್ಷಣ ನಿಂತು ಓದಬೇಕು: ಸುಮಾರು ಆರು ಜನರಲ್ಲಿ ಒಬ್ಬರು ಇಲ್ಲ.

ಸತ್ತವರು ಯಾರು ಅನ್ನುವುದೂ ಮುಖ್ಯ. ಮೊದಲು ಬಿದ್ದವರು ಕೂಲಿಯವರು, ನೇಕಾರರು, ಊರ ಚಾಕರಿಯವರು. ಹಗೇವು ಇದ್ದವನ ಮನೆಯಲ್ಲಿ ವರ್ಷವಿಡೀ ದುಡಿದು, ಹಗೇವಿಗೆ ಇಳಿದು ಕಾಳು ಎತ್ತಿಕೊಟ್ಟವನಿಗೆ ಸ್ವಂತ ಹಗೇವು ಇರಲಿಲ್ಲ. ಒಡೆಯನನ್ನು ನಂಬಿದ್ದ. ಒಡೆಯನ ರಾಗಿಯೂ ತಳ ಕಂಡಾಗ ಮೊದಲು ನಿಂತದ್ದು ಅವನ ಪಡಿ. ಪಟ್ಟಣಗಳಲ್ಲಿ ಗಂಜಿ ಕೇಂದ್ರ ತೆರೆದರೆ, ಯಾರು ಬೇಯಿಸಿದ್ದೋ ಏನೋ ಎಂದು ಜಾತಿಗೆ ಹೆದರಿ ಉಣ್ಣದೆ ಹಿಂದೆ ಸರಿದವರೂ ಇದ್ದರು. ಪ್ರಾಣ ಹೋಗುವ ಹೊತ್ತಿನಲ್ಲಿ ಹೊಸದಾಗಿ ಒಬ್ಬರನ್ನು ನಂಬುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸರ್ಕಾರ ಇರಲಿಲ್ಲವೇ? ಇತ್ತು. ಮೈಸೂರು ಆಗ ಬ್ರಿಟಿಷ್ ಕಮಿಷನರ್ ಆಳ್ವಿಕೆಯಲ್ಲಿತ್ತು. ನಮ್ಮ ಬಳ್ಳಾರಿ ಸೀಮೆ ಮದರಾಸು ಪ್ರಾಂತ್ಯದಲ್ಲಿತ್ತು. ಭಾರತ ಸರ್ಕಾರದ ಕಡೆಯಿಂದ ಬರದ ಮೇಲ್ವಿಚಾರಣೆಗೆ ಬಂದವನು ಸರ್ ರಿಚರ್ಡ್ ಟೆಂಪಲ್. ಈತ 1874ರಲ್ಲಿ ಬಿಹಾರದ ಬರದಲ್ಲಿ ಬರ್ಮಾ ಅಕ್ಕಿ ತರಿಸಿ ಜನರನ್ನು ಉಳಿಸಿದವನೇ. ಆದರೆ ಖರ್ಚು ಜಾಸ್ತಿ ಮಾಡಿದೆ ಎಂದು ಮೇಲಿನವರಿಂದ ಬೈಸಿಕೊಂಡಿದ್ದ. ಬೈಸಿಕೊಂಡವನು ಇಲ್ಲಿಗೆ ಬಂದು ಏನು ಮಾಡಿದ? ದಿನವಿಡೀ ಕಲ್ಲು ಒಡೆಯುವ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಅಂದ್ರೆ ಅರ್ಧ ಕೆ.ಜಿ.ಗೂ ಕಡಿಮೆ, ಮೇಲೆ ಒಂದಾಣೆ ಎಂದು ಕೂಲಿ ಇಳಿಸಿದ. ಮದರಾಸಿನ ಆರೋಗ್ಯ ಇಲಾಖೆಯ ಡಾ. ಕಾರ್ನಿಷ್ ಇದು ಬದುಕಲು ಸಾಲದೆಂದು ಎದುರು ನಿಂತು ವಾದಿಸಿದ ಮೇಲೆ ಕೂಲಿ ಏರಿತು. ಒಬ್ಬನೇ ಅಧಿಕಾರಿ, ಎರಡು ಬರ, ಎರಡು ನಡತೆ. ಆತನ ಗುಣ ಬದಲಾಗಿರಲಿಲ್ಲ, ಆತ ಲೆಕ್ಕ ಒಪ್ಪಿಸಬೇಕಾಗಿದ್ದುದು ಹಸಿದವರಿಗಲ್ಲ ಅನ್ನುವುದೇ ಸಂಗತಿ.

ಇನ್ನು ಉಳಿದವನು ಸಾಹುಕಾರ. ಆತನ ಬಗ್ಗೆ ಭಾಷಣಗಳಲ್ಲಿ ಸಾಕಷ್ಟು ಬೈದಾಗಿದೆ, ನಾವು ಮತ್ತೆ ಬೈಯುವುದಿಲ್ಲ. ಮದುವೆಗೆ, ಮುಂಜಿಗೆ, ಎತ್ತಿಗೆ, ಬಿತ್ತನೆಗೆ ಅರ್ಧ ರಾತ್ರಿ ಬಾಗಿಲು ತಟ್ಟಿದರೂ ಕೊಡುತ್ತಿದ್ದವನು ಅವನೊಬ್ಬನೇ. ನಂಬಿಕೆ ಇತ್ತು. ಆದರೆ ಪತ್ರ ಅವನ ಪೆಟ್ಟಿಗೆಯಲ್ಲಿ, ಓದು ಬರಹ ಅವನ ಬಾಯಲ್ಲಿ, ರೈತನದು ಬರೀ ಗುರುತು. 1859ರ ಒಂದು ಕಾಯ್ದೆ ಸಾಲಪತ್ರಕ್ಕೆ ಮೂರೇ ವರ್ಷ ಆಯುಸ್ಸು ಎಂದಿತು. ಬಡ್ಡಿ ಬೆಳೆಯದಿರಲಿ ಎಂಬ ಒಳ್ಳೆಯ ಉದ್ದೇಶ. ಆದದ್ದೇನೆಂದರೆ ಮೂರು ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಳ್ಳುವ ಪದ್ಧತಿ ಬಲವಾಯಿತು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪೆ ಗ್ರಾಮದಲ್ಲಿ ರೈತರು ಎದ್ದರು; ದಂಗೆ ಅಹಮದ್‌ನಗರದ ಕಡೆಗೂ ಹಬ್ಬಿತು. ಅವರು ಮುಖ್ಯವಾಗಿ ಹುಡುಕಿ ಸುಟ್ಟದ್ದು ದುಡ್ಡನ್ನಲ್ಲ, ಲೆಕ್ಕದ ವಹಿ ಮತ್ತು ಸಾಲಪತ್ರಗಳನ್ನು. ತನಗೆ ಕಾಣದ ಲೆಕ್ಕವನ್ನು ರೈತ ಎಷ್ಟು ದಿನ ನಂಬಿಯಾನು?

ಇದೇ ಪ್ರಶ್ನೆಗೆ ದೂರದ ಜರ್ಮನಿಯ ಒಂದು ಹಳ್ಳಿಯಲ್ಲಿ ಇದಕ್ಕೆ ಮುಂಚೆಯೇ ಉತ್ತರ ಹುಡುಕಿದ್ದರು. ಅದು ಸುತ್ತಿ ಬಳಸಿ ನಮ್ಮೂರಿಗೂ ಬಂದದ್ದರಿಂದ ಇಲ್ಲಿ ಹೇಳಲೇಬೇಕು. 1846-47ರ ಚಳಿಗಾಲದಲ್ಲಿ ವೈಯರ್‌ಬುಶ್ ಎಂಬಲ್ಲಿ ಕ್ಷಾಮ. ಅಲ್ಲಿನ ಮೇಯರ್, ಇನ್ನೂ ಮೂವತ್ತು ತುಂಬದ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್. ಸರ್ಕಾರ ಕಳಿಸಿದ ಹಿಟ್ಟನ್ನು ನಗದಿಗೆ ಮಾತ್ರ ಮಾರಬೇಕೆಂಬ ಷರತ್ತು. ಹಸಿದವನ ಹತ್ತಿರ ನಗದೆಲ್ಲಿ? ಆತ ಅನುಕೂಲಸ್ಥರಿಂದ ಹಣ ಕೂಡಿಸಿ, ಊರಿಗೊಂದು ಒಲೆ ಕಟ್ಟಿಸಿ, ಬ್ರೆಡ್ಡು ಬೇಯಿಸಿ, ಬೆಳೆ ಬಂದ ಮೇಲೆ ಕೊಡಿ ಎಂದು ಸಾಲವಾಗಿ ಹಂಚಿದ.

ಆಮೇಲೆ ಶ್ರೀಮಂತರ ಧರ್ಮಬುದ್ಧಿಯ ಮೇಲೆ ನಿಂತ ಸಂಘಗಳನ್ನೇ ಕೆಲವು ವರ್ಷ ನಡೆಸಿದ. ಕಷ್ಟ ಕಳೆದಂತೆ ಧರ್ಮಿಷ್ಠರ ಉತ್ಸಾಹವೂ ಕಳೆಯಿತು. ಆಗ 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಹೊಸ ಕ್ರಮ ತಂದ: ಸಾಲ ಬೇಕಾದವರೇ ಸದಸ್ಯರು, ಸಂಘದ ಎಲ್ಲೆ ಪರಸ್ಪರ ಮುಖ ಪರಿಚಯ ಇರುವಷ್ಟೇ, ಆಡಳಿತ ಮಂಡಳಿಗೆ ಸಂಬಳವಿಲ್ಲ, ಒಬ್ಬ ಕೊಡದಿದ್ದರೆ ಉಳಿದವರೆಲ್ಲ ತಮ್ಮ ಆಸ್ತಿಯಿಂದ ಹೊಣೆ. ಈ ಕೊನೆಯದಕ್ಕೆ ಅಪರಿಮಿತ ಹೊಣೆಗಾರಿಕೆ ಎನ್ನುತ್ತಾರೆ.

ಮದರಾಸು ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ 1895 ಮತ್ತು 1897ರಲ್ಲಿ ಕೊಟ್ಟ ವರದಿಯ ಸಾರವೂ ಇದೇ: ಈ ದೇಶಕ್ಕೆ ಬೇಕಾದದ್ದು ರೈಫೈಸನ್‌ನಂತಹವರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಕನಿಷ್ಠ 10 ಜನ, ಒಂದೇ ಊರಿನವರು ಅಥವಾ ಅಕ್ಕಪಕ್ಕದ ಊರಿನವರು; ಗ್ರಾಮೀಣ ಸಂಘವಾದರೆ ಐದರಲ್ಲಿ ನಾಲ್ಕು ಪಾಲು ಬೇಸಾಯದವರು; ಹೊಣೆ ಅಪರಿಮಿತ. ಮರುವರ್ಷವೇ, 1905ರಲ್ಲಿ, ಅಂದಿನ ಧಾರವಾಡ ಜಿಲ್ಲೆಯ, ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘ ಕಟ್ಟಿದರು. ನಾಡಿನ ಸಹಕಾರ ಚಳವಳಿಯ ಪಿತಾಮಹರೆಂದು ಎಲ್ಲ ಸಹಕಾರಿಗಳೂ ನೆನೆಯುವ ಹೆಸರು ಅದು. ಅದೇ 1905ರಲ್ಲಿ ಮೈಸೂರು ಸಂಸ್ಥಾನವೂ ತನ್ನದೇ ಸಹಕಾರಿ ಶಾಸನ ಮಾಡಿತು, ಬೆಂಗಳೂರು ನಗರದಲ್ಲಿ ಸಂಘ ಆರಂಭವಾಯಿತು.

ಅಪರಿಮಿತ ಹೊಣೆ ಅಂದರೆ ಏನೆಂದು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಈಗ ಅದು ಬಹುಮಟ್ಟಿಗೆ ಮರೆತ ಮಾತು. ಪಕ್ಕದ ಮನೆಯ ಅಣ್ಣಯ್ಯನನ್ನು ಸಂಘಕ್ಕೆ ಸೇರಿಸಿಕೊಂಡರೆ, ನಾಳೆ ಅವನು ಸಾಲ ಮುಳುಗಿಸಿದರೆ, ನಮ್ಮ ಹೊಲಕ್ಕೂ ಕುತ್ತು. ಆಗ ಸಭೆಯಲ್ಲಿ ಬರುವ ಪ್ರಶ್ನೆಗಳೇ ಬೇರೆ. ಅವನು ಕುಡಿಯುತ್ತಾನಾ? ಕೋರ್ಟು ಕಚೇರಿ ಹುಚ್ಚಿದೆಯಾ? ಎತ್ತಿಗೆಂದು ತೆಗೆದ ದುಡ್ಡು ಮಗಳ ಮದುವೆಗೆ ಹೋಗುತ್ತದಾ? ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಯನ್ನು ತಿರುಗಿಸಿ ನಿಲ್ಲಿಸಿದ ಏರ್ಪಾಡು ಇದು: ಇಲ್ಲಿ ಕೊಡುವವನೂ ಇಸಿದುಕೊಳ್ಳುವವನೂ ಒಬ್ಬನೇ. ದೇವರಂಥ ಮನುಷ್ಯ ಎಂದು ನಂಬುವ ಅಗತ್ಯವಿಲ್ಲ. ಅವನು ಮುಳುಗಿದರೆ ನಾವೂ ಮುಳುಗುತ್ತೇವೆ, ಅದು ಅವನಿಗೂ ಗೊತ್ತು, ನಮಗೂ ಗೊತ್ತು, ಲೆಕ್ಕ ಮೇಜಿನ ಮೇಲಿದೆ. ಈ ಪರೀಕ್ಷೆ ನಡೆಯುತ್ತಿದ್ದುದು ಮಳೆ ಬೆಳೆ ನೆಟ್ಟಗಿದ್ದ ದಿನಗಳಲ್ಲಿ, ತಲೆ ತಣ್ಣಗಿದ್ದಾಗ. ಗಂಜಿ ಕೇಂದ್ರದ ಬಾಗಿಲಲ್ಲಿ ನಿಂತಾಗ ಅಲ್ಲ.

ಇಷ್ಟು ಹೊಗಳಿದ ಮೇಲೆ ಇದರ ಕೊರತೆಯನ್ನೂ ಹೇಳದಿದ್ದರೆ ಚರಿತ್ರೆ ಅರ್ಧವಾಗುತ್ತದೆ. ಆ 1904ರ ಕಾಯ್ದೆಯಲ್ಲೇ ಒಂದೇ ಜಾತಿ, ಒಂದೇ ಬುಡಕಟ್ಟಿನವರೂ ಸೇರಿ ಸಂಘ ಮಾಡಬಹುದೆಂಬ ಅವಕಾಶವಿತ್ತು. ಗುರುತಿದ್ದವರನ್ನೇ ನಂಬುವುದು ಎಂದರೆ ಊರಲ್ಲಿ ಆಚೆ ಕೇರಿಯವರು ಆಚೆಯೇ ಉಳಿದರು. ಜಮೀನಿಲ್ಲದವನ ಹೊಣೆಗೆ ಬೆಲೆ ಏನು ಎಂದು ಕೇಳಿದರು. ಹೆಂಗಸರನ್ನಂತೂ ಕೇಳಿದವರೇ ಅಪರೂಪ. ಧಾತು-ಈಶ್ವರ ಬರದಲ್ಲಿ ಮೊದಲು ಬಿದ್ದವರೇ ಸಂಘದ ಬಾಗಿಲಿನ ಹೊರಗೂ ನಿಂತರು. ಒಳಗಿದ್ದವರಿಗೂ ಬಹಳ ಸಿಕ್ಕಲಿಲ್ಲ. 1951-52ರಲ್ಲಿ ದೇಶದಾದ್ಯಂತ ನಡೆದ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ರೈತರು ತೆಗೆದ ಸಾಲದಲ್ಲಿ ಸಹಕಾರ ಸಂಘಗಳಿಂದ ಬಂದದ್ದು ನೂರಕ್ಕೆ ಮೂರು ರೂಪಾಯಿ, ಲೇವಾದೇವಿಯವರಿಂದ ಬಂದದ್ದು ಸುಮಾರು ಎಪ್ಪತ್ತು. ಆ ವರದಿಯ ನಂತರ ಸಂಘಗಳನ್ನು ದೊಡ್ಡದು ಮಾಡಿದರು, ಸರ್ಕಾರವೇ ಪಾಲುದಾರನಾಯಿತು, ಹೊಣೆಯನ್ನು ಸದಸ್ಯನ ಷೇರಿನ ಮಟ್ಟಕ್ಕೆ ಇಳಿಸಿದರು. ಬಡವನಿಗೂ ಬಾಗಿಲು ತೆರೆಯಿತು, ಅದು ಆಗಲೇಬೇಕಿತ್ತು. ಆದರೆ ಪಕ್ಕದವನ ಸಾಲ ನಮ್ಮ ತಲೆನೋವು ಅನ್ನುವುದೂ ಹೋಯಿತು. 1990ರಲ್ಲಿ ಹತ್ತು ಸಾವಿರದವರೆಗಿನ ಸಾಲ ಮನ್ನಾ ಆದಾಗ ಕಟ್ಟದವನು ನಕ್ಕ, ಕಟ್ಟಿದವನು ಪೆಚ್ಚಾದ. ಬರದಲ್ಲಿ ಸೋತವನಿಗೆ ಮನ್ನಾ ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಆ ನಗುವಿನ ಬೆಲೆಯನ್ನು ಎಷ್ಟೋ ಸಂಘಗಳು ಆಮೇಲೆ ತೆತ್ತವು.

ಇದಕ್ಕೆ ಒಂದು ಮಾರುತ್ತರ ನಮ್ಮ ನಾಡಿನಲ್ಲೇ ಹುಟ್ಟಿತು. 1980ರ ದಶಕದ ನಡುವಿನಲ್ಲಿ ಮೈರಾಡ ಸಂಸ್ಥೆ ಕಟ್ಟಿಸಿದ್ದ ಕೆಲವು ದೊಡ್ಡ ಸಹಕಾರ ಸಂಘಗಳು ಒಡೆದವು. ಸಾಲ ಪಡೆದಿದ್ದವರು ಬಂದು, ದುಡ್ಡು ಕಟ್ಟುತ್ತೇವೆ, ಆದರೆ ಒಬ್ಬನ ಹಿಡಿತದಲ್ಲಿರುವ ಸಂಘಕ್ಕಲ್ಲ ಎಂದರು. ನೀವು ಯಾರನ್ನು ನಂಬುತ್ತೀರಿ ಎಂದರೆ, ತಾವೇ ಹತ್ತು ಹದಿನೈದು ಜನರ ಚಿಕ್ಕ ಗುಂಪು ಮಾಡಿಕೊಂಡು ಕೂತರು. ಅದನ್ನು ನೋಡಿ ನಬಾರ್ಡ್ 1987ರಲ್ಲಿ 10 ಲಕ್ಷ ರೂಪಾಯಿ ಕೊಟ್ಟಿತು, 1992ರಲ್ಲಿ ದೇಶದಲ್ಲಿ 500 ಗುಂಪುಗಳಿಗೆ ಬ್ಯಾಂಕ್ ಸಾಲ ಜೋಡಿಸುವ ಪ್ರಯೋಗ ಮಾಡಿತು. ಇವತ್ತು ನಮ್ಮೂರಿನ ಕೇರಿ ಕೇರಿಯಲ್ಲಿ ಅಕ್ಕಂದಿರು ತಂಗಿಯರು ನಡೆಸುವ ಸ್ವಸಹಾಯ ಸಂಘಗಳ ಬೇರು ಅಲ್ಲಿದೆ. ಹೆಡ್ಡೆಸ್‌ಡಾರ್ಫ್ ಹೆಸರೂ ಕೇಳದವರು ಅದೇ ಜಾಗಕ್ಕೆ ತಾವೇ ನಡೆದು ಬಂದಿದ್ದರು. ಈ ಸಲ ಬಂದವರಲ್ಲಿ ಬಹುಪಾಲು ಮೊದಲು ಹೊರಗಿದ್ದವರು.

ಪಟ್ಟಣದವರ ಸಂಗತಿಯನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇವೆ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿ, ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ನಿವೃತ್ತಿಯ ಗಂಟನ್ನು ಅಲ್ಲಿಟ್ಟಿದ್ದ ಹಿರಿಯರು ಬೀದಿಯಲ್ಲಿ ನಿಂತರು. ಎರಡು ತಿಂಗಳಿಗೆ ಲಾಕ್‌ಡೌನ್ ಬಂತು. ಹೆಸರಿಗೆ ಅದೂ ಸಹಕಾರವೇ, ಆದರೆ ಸಾಲ ಯಾರಿಗೆ ಹೋಗಿದೆ ಎಂದು ಠೇವಣಿದಾರನಿಗೆ ತಿಳಿಯುವ ದಾರಿ ಎಲ್ಲಿತ್ತು?

ನಮ್ಮಲ್ಲಿ ಆ ದಾರಿ ಇದೆ. ಸೆಪ್ಟೆಂಬರಿನ ಮಹಾಸಭೆಯಲ್ಲಿ ಸುಸ್ತಿದಾರರ ಪಟ್ಟಿ ಓದುವಾಗ ಮುಜುಗರವಾಗುತ್ತದೆ, ನಿಜ; ಪಟ್ಟಿಯಲ್ಲಿ ಅಣ್ಣ ತಮ್ಮ, ಬೀಗರು, ಕೆಲವೊಮ್ಮೆ ವೇದಿಕೆಯ ಮೇಲೆ ಕೂತವರ ಸಂಬಂಧಿಕರೂ ಇರುತ್ತಾರೆ. ಹಾಗಂತ ಅದನ್ನು ಬೇಗ ಬೇಗ ಓದಿ ಮುಗಿಸುವ ಅಭ್ಯಾಸ ಎಷ್ಟೋ ಕಡೆ ಬಂದಿದೆ. ಪಟ್ಟಿಯನ್ನೂ ಲೆಕ್ಕಪರಿಶೋಧನೆಯ ವರದಿಯನ್ನೂ ನಿಧಾನವಾಗಿ ಓದಿಸಿ ಎಂದು ಕೇಳುವ ಹಕ್ಕು ಪ್ರತಿ ಸದಸ್ಯನಿಗಿದೆ. ಮಹಾಸಭೆಗೆ ಊಟದ ಹೊತ್ತಿಗೆ ಬರುವವರು ಬಹಳ ಮಂದಿ. ಈ ಸಲ ಒಂದು ಗಂಟೆ ಮುಂಚೆ ಬನ್ನಿ.