‘ಷ್ಯುಎ’: ವಿಜ್ಞಾನಗಳಿಗೆ ಹೆಸರಿತ್ತ ಒಂದು ಚೀನೀ ಪ್ರತ್ಯಯ

ರಸಾಯನಶಾಸ್ತ್ರ, ಖಗೋಳಶಾಸ್ತ್ರ, ಸಮಾಜಶಾಸ್ತ್ರ ಎಂಬ ಪದಗಳ ಕೊನೆಯ ಭಾಗ ಒಂದೇ. ಚೀನೀ ಭಾಷೆಯಲ್ಲಿ ಈ ಕೆಲಸ ಮಾಡುವುದು ‘ಷ್ಯುಎ’ ಎಂಬ ಒಂದೇ ಅಕ್ಷರ. ಒಂಟಿಯಾಗಿದ್ದರೆ ಅದರ ಅರ್ಥ ‘ಕಲಿ’. ಪದದ ಮೊದಲಿಗೂ ಅದು ಬರುತ್ತದೆ: ‘ಷ್ಯುಎಷಂಗ್’ ಎಂದರೆ ವಿದ್ಯಾರ್ಥಿ. ಕೊನೆಯಲ್ಲಿ ಬಂದಾಗ ಅದು ಪ್ರತ್ಯಯ. ‘ಷು’ ಎಂದರೆ ಸಂಖ್ಯೆ, ‘ಷುಷ್ಯುಎ’ ಎಂದರೆ ಗಣಿತ. ‘ಗ್ವಾಂಗ್’ ಎಂದರೆ ಬೆಳಕು, ‘ಗ್ವಾಂಗ್‌ಷ್ಯುಎ’ ಎಂದರೆ ಬೆಳಕಿನ ಶಾಸ್ತ್ರ.

ಪ್ರತ್ಯಯ ಸಿದ್ಧವಾಗಿತ್ತು. ಅದರ ಹಿಂದೆ ಯಾವ ಪದವನ್ನಿಡಬೇಕು ಎಂಬುದೇ ಪ್ರಶ್ನೆ. 1839-42ರ ಅಫೀಮು ಯುದ್ಧದಲ್ಲಿ ಸೋತ ಚೀನಾಕ್ಕೆ ಈ ಪ್ರಶ್ನೆ ತುರ್ತಿನದಾಯಿತು. ಹಡಗು, ಫಿರಂಗಿಗಳ ಹಿಂದಿರುವ ವಿಜ್ಞಾನವನ್ನು ಸ್ವಂತ ಭಾಷೆಯಲ್ಲಿ ಕಲಿಯಬೇಕಿತ್ತು.

ಕೆಮಿಸ್ಟ್ರಿಯನ್ನೇ ನೋಡಿ. ಜಪಾನಿನ ವಿದ್ವಾಂಸರು ಡಚ್ ಪದದ ಉಚ್ಚಾರವನ್ನೇ ಅನುಸರಿಸಿ ಅದನ್ನು ‘ಸೇಯ್‌ಮಿ’ ಎಂದು ಕರೆದಿದ್ದರು. ಕೇಳಿದವರಿಗೆ ಅದರಿಂದ ಯಾವ ಅರ್ಥವೂ ಹೊಳೆಯದು. ಶಾಂಘೈಯಲ್ಲಿ ಹುಟ್ಟಿದ್ದು ಬೇರೆಯೇ ಪದ: ‘ಹ್ವಾಷ್ಯುಎ’. ‘ಹ್ವಾ’ ಎಂದರೆ ಮಾರ್ಪಾಡು. ಹಾಗಾಗಿ ಇದು ಮಾರ್ಪಾಡಿನ ಶಾಸ್ತ್ರ. ಲೇಖಕ ವಾಂಗ್ ಥಾವ್ ಅವರ 1855ರ ದಿನಚರಿಯಲ್ಲಿ ಈ ಪದವಿದೆ.

1868ರಲ್ಲಿ ಶಾಂಘೈಯ ಜಿಯಾಂಗ್‌ನಾನ್ ಶಸ್ತ್ರಾಗಾರದಲ್ಲಿ ಅನುವಾದ ವಿಭಾಗ ಆರಂಭವಾಯಿತು. ಅಲ್ಲಿ ಇಂಗ್ಲಿಷ್ ಓದಲು ಬಾರದ ಷ್ಯು ಷೌ ಎಂಬ ವಿದ್ವಾಂಸರೂ ಜಾನ್ ಫ್ರಯರ್ ಎಂಬ ಆಂಗ್ಲರೂ ಜೊತೆಯಾದರು. ಫ್ರಯರ್ ಚೀನೀ ಭಾಷೆಯಲ್ಲಿ ಬಾಯಲ್ಲಿ ಹೇಳುವರು, ಷ್ಯು ಬರೆದುಕೊಂಡು ತಿದ್ದುವರು. ಹೀಗೆ ಸಿದ್ಧವಾದ ರಸಾಯನಶಾಸ್ತ್ರದ ಗ್ರಂಥ 1871ರಲ್ಲಿ ಹೊರಬಂತು.

ಜಪಾನ್ ಕೂಡ ‘ಸೇಯ್‌ಮಿ’ಯನ್ನು ಬಿಟ್ಟು ಚೀನಾದ ಪದವನ್ನೇ ಸ್ವೀಕರಿಸಿತು. ಅಲ್ಲಿ ಅದರ ಓದು ‘ಕಗಾಕು’. ಮುಂದೆ ಪದಗಳು ಎದುರು ದಿಕ್ಕಿನಲ್ಲೂ ಹರಿದವು. ಜಪಾನಿನ ನಿಶಿ ಅಮಾನೆ 1870ರ ದಶಕದಲ್ಲಿ ಬಳಕೆಗೆ ತಂದ ತತ್ತ್ವಶಾಸ್ತ್ರದ ಹೆಸರು ಚೀನಾದಲ್ಲಿ ‘ಜಷ್ಯುಎ’ ಆಯಿತು. ಭೌತಶಾಸ್ತ್ರದ ‘ವುಲಿಷ್ಯುಎ’ ಕೂಡ ಜಪಾನಿನಿಂದಲೇ ಬಂದು ನೆಲೆಗೊಂಡಿತು: ‘ವು’ ಎಂದರೆ ವಸ್ತು, ‘ಲಿ’ ಎಂದರೆ ನಿಯಮ.

ಇದರಿಂದ ತಿಳಿಯುವುದಿಷ್ಟು: ಪ್ರತ್ಯಯವನ್ನು ಅಂಟಿಸುವುದು ಸುಲಭ, ಹಿಂದಿನ ಪದವನ್ನು ಆರಿಸಲು ವಿಷಯವೇ ಅರ್ಥವಾಗಿರಬೇಕು. ನಮ್ಮ ‘ರಸಾಯನ’ ಆಯುರ್ವೇದದಿಂದ ಬಂದದ್ದು. ಅಲ್ಲಿ ಅದು ಆಯುಸ್ಸು, ಆರೋಗ್ಯಗಳನ್ನು ಹೆಚ್ಚಿಸುವ ಚಿಕಿತ್ಸೆ. ಚೀನೀಯರ ಕಣ್ಣು ಬಿದ್ದದ್ದು ಮಾರ್ಪಾಡಿನ ಮೇಲೆ. ನಿಮ್ಮ ಪಠ್ಯದಲ್ಲಿ ‘ಶಾಸ್ತ್ರ’ ಎಂದು ಮುಗಿಯುವ ಪದ ಬಂದಾಗ, ಅದರ ಮೊದಲ ಭಾಗ ಏನು ಹೇಳುತ್ತಿದೆ ಎಂದು ಒಮ್ಮೆ ಕೇಳಿಕೊಳ್ಳಿ. ಆ ವಿಷಯದ ಮೊದಲ ಪಾಠ ಅಲ್ಲಿಯೇ ಇರಬಹುದು.