ಕೋಲಾರದ ಸೈನೈಡ್ ದಿಬ್ಬಗಳು: ನೆಲದ ಹೊಣೆಯ ಚರಿತ್ರೆ

ದೆಹಲಿಯ ಪೂರ್ವ ಕಿದ್ವಾಯಿ ನಗರದಲ್ಲಿ ಸುಮಾರು ೮೬ ಎಕರೆಯ ಹಳೆಯ ಸರ್ಕಾರಿ ವಸತಿಗಳನ್ನು ಕೆಡವಿ ಬಹುಮಹಡಿ ಕಟ್ಟಡಗಳನ್ನು ಎಬ್ಬಿಸಿದ ಕಾರ್ಯದ ಹಿಂದೆ ಒಂದು ಅರ್ಥನೀತಿಯಿತ್ತು. ನೆಲದ ಒಂದಂಶವನ್ನು ವಾಣಿಜ್ಯ ಕಟ್ಟಡಗಳಿಗೆ ಮೀಸಲಿಟ್ಟು, ಅದರಿಂದ ಬರುವ ಹಣದಲ್ಲಿಯೇ ನೌಕರರ ಮನೆಗಳನ್ನು ಕಟ್ಟಬೇಕೆಂಬುದೇ ಆ ನೀತಿ. ನೆಲವು ತನ್ನ ಪುನರ್ನಿರ್ಮಾಣದ ವೆಚ್ಚವನ್ನು ತಾನೇ ತೆರಬೇಕೆಂಬ ಈ ಸೂತ್ರವು ವಿಷ ಬೆರೆತ ನೆಲಕ್ಕೂ ಸಲ್ಲುವುದೆ? ಕನ್ನಡ ನಾಡಿನಲ್ಲಿ ಈ ಪ್ರಶ್ನೆಗೆ ಎಡೆಕೊಟ್ಟಿರುವ ಮುಖ್ಯ ಸ್ಥಳವೆಂದರೆ ಕೋಲಾರದ ಚಿನ್ನದ ಗಣಿ ಪ್ರದೇಶ.

ಲೆವೆಲ್ಲೆ ಎಂಬ ಐರಿಷ್ ಸೈನಿಕನು ೧೮೭೫ರಲ್ಲಿ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಅನುಮತಿ ಪಡೆದನು. ೧೮೮೦ರ ಹೊತ್ತಿಗೆ ಲಂಡನ್ನಿನ ಜಾನ್ ಟೇಲರ್ ಸಂಸ್ಥೆಯ ಪ್ರವೇಶವಾಯಿತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಇಲ್ಲಿಗೆ ಹರಿದುಬಂದ ಸಂಗತಿ ಪಠ್ಯಪುಸ್ತಕಗಳಲ್ಲಿಯೂ ಸ್ಥಾನ ಪಡೆದಿದೆ. ಸುಮಾರು ೧೨೦ ವರ್ಷಗಳಲ್ಲಿ ಇಲ್ಲಿಂದ ಹೊರಟ ಚಿನ್ನ ೮೦೦ ಟನ್ನುಗಳಷ್ಟು. ಹೊರಗೆ ಹೋದ ಈ ಚಿನ್ನದ ಲೆಕ್ಕಕ್ಕೆ ಸಿಕ್ಕ ಪ್ರಾಶಸ್ತ್ಯವು ಇಲ್ಲಿಯೇ ಉಳಿದ ವಸ್ತುವಿನ ಲೆಕ್ಕಕ್ಕೆ ಸಿಗಲಿಲ್ಲ.

ಉಳಿದುದೇನು? ಕಲ್ಲಿನ ಅದಿರನ್ನು ಹಿಟ್ಟಿನಂತೆ ಅರೆದು, ಸುಣ್ಣ ಬೆರೆಸಿದ ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆಯುವ ವಿಧಾನವು ಗ್ಲಾಸ್ಗೋ ನಗರದಲ್ಲಿ ರೂಪುಗೊಂಡು ೧೮೮೭ರಲ್ಲಿ ಹಕ್ಕುಪತ್ರ ಪಡೆಯಿತು. ಕೋಲಾರದ ಗಣಿಗಳೂ ಈ ವಿಧಾನವನ್ನು ಅನುಸರಿಸಿದವು. ಚಿನ್ನ ತೆಗೆದ ಬಳಿಕ ಉಳಿದ ಕೆಸರನ್ನು ಗಣಿಯ ಪಕ್ಕದಲ್ಲಿಯೇ ಸುರಿಯಲಾಯಿತು. ಅದು ಒಣಗಿ, ಪದರದ ಮೇಲೆ ಪದರ ಸೇರಿ, ಬೂದುಬಣ್ಣದ ದಿಬ್ಬವಾಯಿತು. ಇಂತಹ ೧೩ ದಿಬ್ಬಗಳಲ್ಲಿ ಸುಮಾರು ೩.೩ ಕೋಟಿ ಟನ್ ಹುಡಿ ಇದೆ. ಜನರು ಇವನ್ನು 'ಸೈನೈಡ್ ದಿಬ್ಬ' ಎಂದು ಕರೆಯುತ್ತಾರೆ. ಆದರೆ ಸೈನೈಡಿನ ಹೆಚ್ಚಿನ ಭಾಗವು ಬಿಸಿಲು ಗಾಳಿಗಳಿಗೆ ಒಡ್ಡಿಕೊಂಡು ಕಾಲಕ್ರಮದಲ್ಲಿ ವಿಭಜನೆ ಹೊಂದುವಂತಹುದು. ನಾಶವಾಗದೆ ಉಳಿಯುವುವು ಅದಿರಿನೊಡನೆ ಬಂದ ಭಾರಲೋಹಗಳು ಮತ್ತು ಬೆಣಚುಕಲ್ಲಿನ ಸೂಕ್ಷ್ಮ ಧೂಳು.

ಈ ಧೂಳಿನ ಅಪಾಯ ಆಳುವವರಿಗೆ ತಿಳಿಯದುದಾಗಿರಲಿಲ್ಲ. ಭಾರತದಲ್ಲಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗವು ಮೊದಲು ವರದಿಯಾದುದು ೧೯೩೪ರಲ್ಲಿ, ಈ ಗಣಿಗಳಿಂದಲೇ. ೧೯೪೦ರಲ್ಲಿ ಮೈಸೂರು ಸರ್ಕಾರವು ನಿಯಮಗಳನ್ನು ರಚಿಸಿ, ಈ ರೋಗಕ್ಕೆ ತುತ್ತಾದ ಕಾರ್ಮಿಕರಿಗೆ ಪರಿಹಾರ ಸಲ್ಲುವಂತೆ ಮಾಡಿತು. ಆ ಕಾಲಕ್ಕೆ ಇದು ಮುಂದುವರಿದ ಕ್ರಮವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಆ ರಕ್ಷಣೆಯು ಗಣಿಯ ಕೆಲಸಗಾರನಿಗೆ ಮೀಸಲಾದುದು. ಗಣಿಯೊಳಗೆ ಧೂಳು ಕುಡಿದವನು ಕಾರ್ಮಿಕ. ದಿಬ್ಬದಿಂದ ಹಾರಿಬಂದ ಧೂಳನ್ನು ಮನೆಯಲ್ಲಿ ಕುಡಿದ ಅವನ ಹೆಂಡತಿ ಮಕ್ಕಳು ಯಾವ ವರ್ಗಕ್ಕೂ ಸೇರಿದವರಲ್ಲ. ಗಣಿಯ ಕಾಲೋನಿಗಳಲ್ಲಿ ಬೀಡುಬಿಟ್ಟವರು ಬಹುಮಟ್ಟಿಗೆ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಮೊದಲಾದ ಜಿಲ್ಲೆಗಳಿಂದ ಬಂದ, ತಮಿಳು ತೆಲುಗು ಮನೆಮಾತಿನ ದಲಿತ ಕುಟುಂಬಗಳವರು. ದುಡಿಮೆಗಾಗಿ ಪರಸ್ಥಳಕ್ಕೆ ಬಂದು ಆ ನೆಲವನ್ನೇ ತಮ್ಮದೆಂದುಕೊಂಡ ಈ ಜನರ ಚರಿತ್ರೆ ಕನ್ನಡ ನಾಡಿನ ಚರಿತ್ರೆಯ ಭಾಗವೇ ಆಗಿದೆ.

೧೯೫೬ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದವು. ೧೯೬೨ರಲ್ಲಿ ಕೇಂದ್ರ ಸರ್ಕಾರಕ್ಕೆ ವರ್ಗವಾದವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ರೂಪುಗೊಂಡಿತು. ಹೀಗೆ ದಿಬ್ಬಗಳ ಒಡೆತನ ಲಂಡನ್ನಿನಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ದೆಹಲಿಗೆ ಸಾಗಿತು. ೨೦೦೧ರ ಫೆಬ್ರವರಿ ಕೊನೆಯಲ್ಲಿ ಗಣಿ ಮುಚ್ಚಿದಾಗ ಕೆಲಸ ನಿಂತಿತು, ಆಸ್ಪತ್ರೆ ಸೊರಗಿತು. ಧೂಳು ಮಾತ್ರ ನಿಲ್ಲಲಿಲ್ಲ. ಬೇಸಿಗೆಯ ಗಾಳಿಗೆ ಅದು ಮನೆಗಳ ಮೇಲೆ ಎರಗುತ್ತದೆ. ಮಳೆಗೆ ಕೊಚ್ಚಿ ಹಳ್ಳಗಳಿಗೂ ಹೊಲಗಳಿಗೂ ಇಳಿಯುತ್ತದೆ. ಉಸಿರಾಟದ ತೊಂದರೆ, ಕಣ್ಣುರಿ, ಚರ್ಮದ ಬೇನೆಗಳ ವಿಷಯದಲ್ಲಿ ನಿವಾಸಿಗಳ ದೂರು ದೀರ್ಘಕಾಲದ್ದು.

೨೦೨೪ರ ಜೂನ್ ತಿಂಗಳಲ್ಲಿ, ದಿಬ್ಬಗಳ ಹುಡಿಯಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಕರ್ನಾಟಕ ಸಚಿವ ಸಂಪುಟವು ಸಮ್ಮತಿ ನೀಡಿತು. ಬಳಕೆಯಾಗದ ಗಣಿಭೂಮಿಯಲ್ಲಿ ಕೈಗಾರಿಕೆಗಳನ್ನು ನೆಲೆಗೊಳಿಸುವ ಆಲೋಚನೆಯೂ ರಾಜ್ಯಕ್ಕೆ ಇದೆ. ಕೆಲಸಕ್ಕಾಗಿ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ಊರಿನವರಿಗೆ ಇದರಿಂದ ಆಸೆ ಹುಟ್ಟುವುದು ಸಹಜ. ಆದರೆ ಆಸೆಯ ಜೊತೆಗೆ ಅಳುಕೂ ಇದೆ. ದಿಬ್ಬದ ಒಂದು ಟನ್ ಹುಡಿಯಲ್ಲಿರುವ ಚಿನ್ನ ಒಂದು ಗ್ರಾಮಿಗೂ ಕಡಮೆ. ಅದನ್ನು ತೆಗೆದ ಮೇಲೆಯೂ ಹುಡಿಯ ರಾಶಿ ಹೆಚ್ಚುಕಡಮೆ ಅಷ್ಟೇ ಇರುತ್ತದೆ. ಅಗೆಯುವಾಗ ಧೂಳೇಳುತ್ತದೆ, ಸೈನೈಡ್ ವಿಧಾನವನ್ನೇ ಬಳಸಿದರೆ ಹಳೆಯ ವಿಷ ಹೊಸದಾಗಿ ಸೇರುತ್ತದೆ, ಕೊನೆಗೆ ಆ ರಾಶಿಯನ್ನು ಎಲ್ಲಿಯಾದರೂ ಸುರಿಯಲೇಬೇಕು. ಚಿನ್ನ ತೆಗೆಯುವುದೂ ನೆಲವನ್ನು ಶುದ್ಧಿಗೊಳಿಸುವುದೂ ಒಂದೇ ಅಲ್ಲವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಮಲಿನಗೊಂಡ ನೆಲಗಳ ನಿರ್ವಹಣೆಗೆ ಕೇಂದ್ರ ಸರ್ಕಾರವು ೨೦೨೫ರ ಜುಲೈ ತಿಂಗಳಲ್ಲಿ ನಿಯಮಗಳನ್ನು ಹೊರಡಿಸಿತು. ಮಲಿನಗೊಳಿಸಿದವನೇ ವೆಚ್ಚ ಭರಿಸಬೇಕೆಂಬ ತತ್ತ್ವ ಅವುಗಳಲ್ಲಿದೆ. ಆದರೆ ಗಣಿಗಾರಿಕೆಯಿಂದಾದ ಮಾಲಿನ್ಯಕ್ಕೆ ಬೇರೆ ಕಾನೂನುಗಳಿವೆಯೆಂದು ಅದನ್ನು ಸಾಮಾನ್ಯವಾಗಿ ಈ ನಿಯಮಗಳ ವ್ಯಾಪ್ತಿಯಿಂದ ಹೊರಗಿಡಲಾಗಿದೆ. ೧೯೪೦ರ ನಿಯಮಗಳ ರಕ್ಷಣೆ ಊರಿನವರೆಗೆ ಬರಲಿಲ್ಲ. ೨೦೨೫ರ ನಿಯಮಗಳೂ ದಿಬ್ಬದ ಬುಡವನ್ನು ಸುಲಭವಾಗಿ ಮುಟ್ಟಲಾರವು.

ಆದುದರಿಂದ ಕೋಲಾರದ ಜನರ ಹಿತವು ಮುಂದಿನ ಗುತ್ತಿಗೆಯ ಕರಾರುಗಳನ್ನೇ ಬಹುವಾಗಿ ಅವಲಂಬಿಸಿದೆ. ಸಂಸ್ಕರಿಸಿದ ಹುಡಿ ಎಲ್ಲಿಗೆ ಹೋಗಬೇಕು, ಅದರ ಮೇಲೆ ಮಣ್ಣು ಹೊದಿಸಿ ಗಿಡ ಬೆಳೆಸುವವರಾರು, ನೀರನ್ನೂ ನಿವಾಸಿಗಳ ಆರೋಗ್ಯವನ್ನೂ ಎಷ್ಟು ಕಾಲ ಪರೀಕ್ಷಿಸಬೇಕು, ಚಿನ್ನದ ಬೆಲೆ ಕುಸಿದು ಗುತ್ತಿಗೆದಾರನು ಹಿಂದೆಗೆದರೆ ಹಣವೆಲ್ಲಿಂದ ಎಂಬಿವು ಮೊದಲೇ ಬರೆದಿಡಬೇಕಾದ ಅಂಶಗಳು. ಕಿದ್ವಾಯಿ ನಗರದ ಸೂತ್ರವು ಮಾರಬಲ್ಲ ನೆಲಕ್ಕೆ ಸಲ್ಲುತ್ತದೆ. ಕೋಲಾರದ ನೆಲವಾದರೋ ತನ್ನ ಬೆಲೆಯನ್ನು ೮೦೦ ಟನ್ ಚಿನ್ನವಾಗಿ ಆಗಲೇ ತೆತ್ತಿದೆ; ಅದರ ಶುದ್ಧಿಯ ವೆಚ್ಚವನ್ನು ಮತ್ತೆ ಅದರಿಂದಲೇ ಕೇಳುವುದು ನ್ಯಾಯವಾಗಲಾರದು.