ಅಪ್ಪನ ತತ್ವ, ಅವ್ವನ ಲೆಕ್ಕ

ನಮ್ಮ ಹುಡುಗ್ಯಾರು ‘ಲಿಟಲ್ ವಿಮೆನ್’ ಸಿನಿಮಾ ನೋಡಿ, ಎಷ್ಟ ಛಂದ ಮನಿತನ ಅಂತಾರ. ಛಂದನ ಐತಿ. ಆದ್ರ ಆ ಕಥಿ ಬರದ ಲೂಯಿಸಾ ಮೇ ಆಲ್ಕಾಟ್ ಬೆಳದ ಮನಿ ಅಷ್ಟ ಬೆಚ್ಚಗ ಇರಲಿಲ್ರಿ. ಕಥಿಯೊಳಗ ಅಪ್ಪನ್ನ ಯುದ್ಧಕ್ಕ ಕಳಿಸಿಬಿಟ್ಟಾಳ ಅಕಿ. ಖರೇ ಮನ್ಯಾಗ ಅಪ್ಪ ಇದ್ದ, ರೊಕ್ಕ ಇರಲಿಲ್ಲ.

ಅಪ್ಪ ಬ್ರಾನ್ಸನ್ ಆಲ್ಕಾಟ್ ದೊಡ್ಡ ವಿಚಾರವಂತ. ಬಾಸ್ಟನ್‌ದಾಗ ಸಾಲಿ ನಡಸ್ತಿದ್ದ. ಕಪ್ಪು ಜನಾಂಗದ ಹುಡುಗಿಯೊಬ್ಬಾಕಿನ್ನ ಸೇರಿಸಿಕೊಂಡಾಗ ಉಳದವ್ರು ತಮ್ಮ ಮಕ್ಕಳನ್ನ ಬಿಡಿಸಿಕೊಂಡು ಹೋದ್ರು, ಅಂವ ಮಣೀಲಿಲ್ಲ. ಅದಕ್ಕ ಕೈ ಮುಗೀಬೇಕು. ಆದ್ರ ಸಾಲಿ ಮುಚ್ಚಿದ ಮ್ಯಾಲೆ ಮಕ್ಕಳ ಹೊಟ್ಟಿ ಚಿಂತಿ ಅವ್ವ ಅಬಿಗೇಲಳ ಪಾಲಿಗೆ ಬಂತು.

1843ರಾಗ ಅಪ್ಪ ಮತ್ತ ಅವನ ಇಂಗ್ಲಿಷ್ ಗೆಳೆಯ ಚಾರ್ಲ್ಸ್ ಲೇನ್ ಕೂಡಿ ಮ್ಯಾಸಚೂಸೆಟ್ಸ್ ರಾಜ್ಯದ ಹಾರ್ವರ್ಡ್ ಅನ್ನೋ ಹಳ್ಳ್ಯಾಗ (ದೊಡ್ಡ ಕಾಲೇಜಿನ ಊರಲ್ಲ ಇದು) ‘ಫ್ರೂಟ್‌ಲ್ಯಾಂಡ್ಸ್’ ಅಂತ ಒಂದು ಆಶ್ರಮದಂಥಾದ್ದು ಕಟ್ಟಿದ್ರು. ಮಾಂಸ ಬ್ಯಾಡ, ಹಾಲು-ಬೆಣ್ಣಿ ಬ್ಯಾಡ. ಹತ್ತಿ ಅರಿವಿ ಬ್ಯಾಡ, ಅದು ಗುಲಾಮರ ದುಡಿಮಿ. ಉಣ್ಣಿ ಬ್ಯಾಡ, ಅದು ಕುರಿದು. ನಾರಗಸಿ ಬಟ್ಟಿ ಹಾಕ್ಕೊಂಡು, ತಣ್ಣೀರ ಜಳಕ ಮಾಡಬೇಕು. ಲೂಯಿಸಾಗ ಆಗ 10 ವರ್ಷ. ವಿಚಾರ ಕೆಟ್ಟದ್ದಂತ ನಾನು ಅನ್ನೂದಿಲ್ರಿ. ಆದ್ರ ಇಷ್ಟೂ ಮಂದಿಗೆ ಬೇಸೂದು, ಒಗಿಯೂದು, ಹೊಲಿಯೂದು ಯಾರ ಕೆಲಸ? ಮುಂದ 1873ರಾಗ ಲೂಯಿಸಾ ಇದರ ಮ್ಯಾಲೆ ಒಂದು ನಗೆಬರಹ ಬರದ್ಲು. ಅದರಾಗ ಗಂಡಸರು ಉಪದೇಶಕ್ಕ ಹೋಗಿರ್ತಾರ, ಮಳಿ ಬರಾಕತ್ತಿರ್ತದ, ಕೊಯ್ದ ಪೈರು ಹೊಲದಾಗ ಬಿದ್ದಿರ್ತದ. ಅವ್ವ ಮಕ್ಕಳನ್ನ ಕರಕೊಂಡು ಬುಟ್ಟಿ, ಹಾಸಿಗಿ ಅರಿವಿ ತಗೊಂಡು ಹೊತ್ತು ಹಾಕ್ತಾಳ. ನಗು ಬರ್ತದ, ಸಿಟ್ಟೂ ಬರ್ತದ.

ಸಂಸಾರ ಬಿಟ್ಟುಬಿಡೂದ ಛಲೋ ಅಂತ ಲೇನ್ ಅಪ್ಪನ ಕಿವ್ಯಾಗ ಊದಾಕತ್ತಿದ್ದ. ಅವ್ವ ಗಟ್ಟಿಯಾಗಿ ನಿಂತ್ಲು. 1844ರ ಜನವರಿಯೊಳಗ ಆ ಜಾಗಾ ಬಿಟ್ಟು ಬಂದ್ರು. ಏಳು ತಿಂಗಳ ಸ್ವರ್ಗ!

ಮುಂದ ಅವ್ವ ಬಾಸ್ಟನ್‌ದಾಗ ಬಡವರ ಸೇವಾದ ನೌಕರಿ ಮಾಡಿದ್ಲು. ಲೂಯಿಸಾ ಹೊಲಿಗಿ ಹಾಕಿದ್ಲು, ಮಕ್ಕಳಿಗೆ ಕಲಿಸಿದ್ಲು, 1851ರಾಗ ಒಂದು ಮನಿ ಚಾಕರಿಗೂ ಹೋದ್ಲು. ಏಳು ವಾರ ದುಡದಿದ್ದಕ್ಕ ಬರೇ ನಾಕು ಡಾಲರ್ ಕೊಟ್ರಂತ. 1854ರಾಗ ಅಪ್ಪ ಭಾಷಣದ ತಿರುಗಾಟ ಮುಗಿಸಿ ಚಳಿಯೊಳಗ ಮನಿಗೆ ಬಂದಾಗ ಕೈಯಾಗ ಒಂದ ಡಾಲರ್. ಅವ್ವ ಒಂದ ಮಾತೂ ಬೈಯಲಿಲ್ಲ. ನಾನಾಗಿದ್ರ ಬಾಗಲದಾಗ ಕೇಳ್ತಿದ್ದೆ ಬಿಡ್ರಿ.

ಕಥಿಯೊಳಗಿನ ಬೆತ್ ಅಂದ್ರ ಅಕಿ ತಂಗಿ ಎಲಿಜಬೆತ್, 1858ರಾಗ ತೀರಿಕೊಂಡ್ಲು. ಅಂತರ್ಯುದ್ಧದಾಗ ಲೂಯಿಸಾ ಸೈನಿಕರ ದವಾಖಾನಿಗೆ ನರ್ಸ್ ಆಗಿ ಹೋಗಿ ಟೈಫಾಯಿಡ್ ಹಚ್ಚಿಕೊಂಡ್ಲು. ಅದಕ್ಕ ಕೊಟ್ಟ ಪಾದರಸದ ಔಷಧದ ಮ್ಯಾಲೆ ಮತ್ತ ಅಕಿ ಮೈ ಮೊದಲಿನಂಗ ಆಗಲೇ ಇಲ್ಲ.

1868ರಾಗ ಪ್ರಕಾಶಕ ಹುಡುಗ್ಯಾರ ಕಥಿ ಬರದುಕೊಡು ಅಂದ. ಅಕಿಗೆ ಮನಸಿರಲಿಲ್ಲ, ರೊಕ್ಕ ಬೇಕಿತ್ತು. ಬರದ್ಲು. ಮೊದಲು ಅಚ್ಚಾದ 2000 ಪ್ರತಿ ಲಗೂನ ಖರ್ಚಾದ್ವು. ಅಪ್ಪನ ಹಳೇ ಸಾಲಾನೂ ಅಕಿನ ತೀರಿಸಿದ್ಲು. 1870ರಾಗ ಅಕ್ಕ ಆ್ಯನಾನ ಗಂಡ ಸತ್ತ. ಎರಡು ಗಂಡು ಹುಡುಗರ ಸಲುವಾಗಿ ಮತ್ತೊಂದು ಪುಸ್ತಕ ಬರದ್ಲು. ಸಣ್ಣ ತಂಗಿ ಮೇ ಪ್ಯಾರಿಸ್‌ದಾಗ ಬಾಣಂತ್ಯಾಗಿ ತೀರಿಕೊಂಡಾಗ, ಆ ಕೂಸು ಲುಲುನ್ನ 1880ರಾಗ ಹಡಗಿನ್ಯಾಗ ದೊಡ್ಡವ್ವನ ಕಡೆ ಕಳಿಸಿದ್ರು. ಮದಿವಿ ಆಗದ ಲೂಯಿಸಾ 48ರ ಹೊಸ್ತಿಲದಾಗ ತಾಯಿ ಆದ್ಲು.

1888ರ ಮಾರ್ಚ್ 4ಕ್ಕ ಅಪ್ಪ ಹೋದ. ಆ ಸುದ್ದಿ ಅಕಿಗೆ ಮುಟ್ಟಲೇ ಇಲ್ಲ. ಮಾರ್ಚ್ 6ಕ್ಕ ಅಕಿನೂ ಹೋದ್ಲು, 55 ವರ್ಷಕ್ಕ. ಮುಂದ ಲುಲು ಮತ್ತ ಸಮುದ್ರ ದಾಟಿ ಅಪ್ಪನ ಕಡೆ ಹೋತು.